ಗಾಯದ ಬಾಯಿ ನೋಡಿ: ಹೊಲಿಗೆ ಯಾವಾಗ ಬೇಕು, ಯಾವಾಗ ಬೇಡ (ಪದೇ ಪದೇ ಕೇಳುವ ಪ್ರಶ್ನೆಗಳು)

ಕಲಬುರಗಿಯ ಒಂದು ದವಾಖಾನೆಯ ಡ್ರೆಸ್ಸಿಂಗ್ ರೂಮಿನಲ್ಲಿ ನಾನು ತುಂಬಾ ವರ್ಷ ಕೆಲಸ ಮಾಡಿದ್ದೇನೆ. ಡಾಕ್ಟರ್ ಅಲ್ಲ, ನರ್ಸ್. ತೊಗರಿ ಕೊಯ್ಲಿನ ದಿನಗಳಲ್ಲಿ ಕುಡಗೋಲಿನ ಗಾಯ, ಶಹಾಬಾದ್ ಕಡೆಯಿಂದ ಬಂದವರಿಗೆ ಫರ್ಸಿ ಕಲ್ಲಿನ ಅಂಚು ತಾಗಿದ ಗಾಯ, ಹಬ್ಬದ ಹಿಂದಿನ ದಿನ ಈಳಿಗೆ ಗಾಯ, ಉಳಿದ ದಿನವೆಲ್ಲ ಬೈಕು. ಗಾಯ ಬೇರೆ ಬೇರೆ, ಹೊರಗೆ ಬೆಂಚಿನ ಮೇಲೆ ಕೂತವರು ಕೇಳುವ ಪ್ರಶ್ನೆ ಮಾತ್ರ ಅವೇ. ಹೇಳಿ ಹೇಳಿ ಬಾಯಿಪಾಠ ಆಗಿದೆ, ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ.

ಹೊಲಿಗೆ ಬೇಕೋ ಬೇಡವೋ ಅಂತ ಮನೆಯಲ್ಲೇ ಹೇಗೆ ತಿಳಿಯೋದು?

ರಕ್ತ ಎಷ್ಟು ಹೋಯಿತು ಅನ್ನುವುದರ ಮೇಲೆ ಲೆಕ್ಕ ಹಾಕಬೇಡಿ. ಗಾಯದ ಬಾಯಿ ನೋಡಿ. ಮೊದಲು ರಕ್ತ ನಿಲ್ಲಿಸಿ, ತೊಳೆಯಿರಿ, ಆಮೇಲೆ ಬೆಳಕಿನಲ್ಲಿ ಹಿಡಿದು ನೋಡಿ. ಎರಡು ಅಂಚೂ ತಾವಾಗಿಯೇ ಕೂಡಿಕೊಂಡಿವೆಯಾ? ಆ ಜಾಗ ಸ್ವಲ್ಪ ಅಲ್ಲಾಡಿಸಿದರೂ ಹಾಗೇ ಇವೆಯಾ? ಹಾಗಿದ್ದರೆ ಬಹಳಷ್ಟು ಸಲ ಪಟ್ಟಿ ಸಾಕು. ಕೈಯ ಮೇಲಿನ 2 ಸೆಂಟಿಮೀಟರ್‌ಗಿಂತ ಚಿಕ್ಕ ಸರಳ ಗಾಯಗಳು ಹೊಲಿಗೆ ಇಲ್ಲದೆಯೂ ಅಷ್ಟೇ ಚೆನ್ನಾಗಿ ಮಾಯುತ್ತವೆ.

ಗಾಯ ಬಾಯಿ ಬಿಟ್ಟುಕೊಂಡಿದ್ದರೆ, ಬೆರಳಿನಿಂದ ಕೂಡಿಸಿ ಕೈ ತೆಗೆದ ತಕ್ಷಣ ಮತ್ತೆ ತೆರೆದುಕೊಂಡರೆ, ಹೊರಡಿ. ಅರ್ಧ ಸೆಂಟಿಮೀಟರ್‌ಗಿಂತ ಆಳ ಇದ್ದರೂ ಹೊರಡಿ. ಆಳ ಅಳೆಯೋಕೆ ಗಾಯದೊಳಗೆ ಏನೂ ತೂರಿಸಬೇಡಿ, ಕಣ್ಣಿಗೆ ಕಾಣುವುದೇ ಸಾಕು. ಒಳಗೆ ಹಳದಿ ಕಾಳು ಕಾಳಾಗಿ ಕಂಡರೆ ಅದು ಚರ್ಮದ ಕೆಳಗಿನ ಕೊಬ್ಬು. ಅಲ್ಲಿಗೆ ಚರ್ಮ ಪೂರ್ತಿ ಸೀಳಿದೆ ಅಂತ ಅರ್ಥ. ಅದಕ್ಕಿಂತ ಕೆಳಗೆ ಕೆಂಪು ಮಾಂಸವೋ, ಬಿಳಿ ಹಗ್ಗದಂಥದ್ದೋ, ಎಲುಬೋ ಕಂಡರೆ ಮನೆಯವರ ಜೊತೆ ಚರ್ಚೆ ಮಾಡುತ್ತಾ ಕೂರುವ ಮಾತೇ ಇಲ್ಲ.

ಸಿಕ್ಕಾಪಟ್ಟೆ ರಕ್ತ ಬರ್ತಾ ಇದೆ. ಮೊದಲು ಏನು ಮಾಡಲಿ?

ಒಗೆದ ಅರಿವೆ ಮಡಚಿ ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ. 10ರಿಂದ 15 ನಿಮಿಷ, ಗಡಿಯಾರ ನೋಡಿಕೊಂಡು, ಒಂದೇ ಸಮ. ನಮ್ಮ ಜನ ಇಲ್ಲೇ ಸೋಲೋದು. ಅರ್ಧ ನಿಮಿಷ ಒತ್ತಿ, "ನಿಂತಿತಾ?" ಅಂತ ಎತ್ತಿ ನೋಡುತ್ತಾರೆ, ಆಗಷ್ಟೇ ಹೆಪ್ಪುಗಟ್ಟುತ್ತಿದ್ದುದು ಕಿತ್ತು ಬರುತ್ತದೆ, ಮತ್ತೆ ಮೊದಲಿನಿಂದ ಶುರು. ಅರಿವೆ ತೊಯ್ದರೆ ತೆಗೆಯಬೇಡಿ, ಅದರ ಮೇಲೇ ಇನ್ನೊಂದು ಇಟ್ಟು ಒತ್ತಿ. ಕೈಗಾದರೆ ಕೈ ಮೇಲೆತ್ತಿ ಹಿಡಿಯಿರಿ. ಉಂಗುರ, ಬಳೆ, ಕಾಲುಂಗುರ ಆ ಕಡೆ ಇದ್ದರೆ ಬಾವು ಬರುವ ಮುಂಚೆಯೇ ತೆಗೆದುಬಿಡಿ. ಆಮೇಲೆ ಉಂಗುರ ಕತ್ತರಿಸಬೇಕಾಗುತ್ತದೆ, ಚಿನ್ನ ಹೋಯಿತಲ್ಲ ಅಂತ ಗಾಯಕ್ಕಿಂತ ಜಾಸ್ತಿ ಅಳುವವರನ್ನು ನೋಡಿದ್ದೇನೆ.

15 ನಿಮಿಷ ಒತ್ತಿದರೂ ನಿಲ್ಲದಿದ್ದರೆ, ಅಥವಾ ಕಾರಂಜಿ ಥರ ಚಿಮ್ಮುತ್ತಿದ್ದರೆ, ಒತ್ತಿದ ಕೈ ತೆಗೆಯದೆ ಇನ್ನೊಬ್ಬರ ಕೈಯಲ್ಲಿ 108ಕ್ಕೆ ಫೋನ್ ಮಾಡಿಸಿ. ಬೆರಳಿನ ಸುತ್ತ ದಾರ ಬಿಗಿದು ಮರೆತುಬಿಡಬೇಡಿ, ರಕ್ತ ಓಡಾಡದೆ ಬೆರಳು ಕಪ್ಪಾಗುತ್ತದೆ. ಗಾಜೋ ಕಬ್ಬಿಣವೋ ಆಳಕ್ಕೆ ನೆಟ್ಟುಕೊಂಡಿದ್ದರೆ ಎಳೆಯಬೇಡಿ. ಅದೇ ಒಳಗಿನ ರಕ್ತಕ್ಕೆ ಬಿರಡೆ ಆಗಿರಬಹುದು. ಸುತ್ತ ಅರಿವೆ ಇಟ್ಟು, ಅಲ್ಲಾಡದಂತೆ ಮಾಡಿ ಕರೆದುಕೊಂಡು ಬನ್ನಿ.

ಅರಿಷಿಣ ಒತ್ತಿದರೆ ಸಾಕಲ್ವಾ? ನಮ್ಮ ಅಜ್ಜಿ ಅದನ್ನೇ ಹಾಕ್ತಿದ್ದರು.

ನಮ್ಮ ಅಜ್ಜಿಯೂ ಹಾಕುತ್ತಿದ್ದರು. ತರಚಿದ ಗಾಯದ ಮಟ್ಟಿಗೆ ನಾನು ಜಗಳಕ್ಕೆ ಬರೋದಿಲ್ಲ. ಆದರೆ ಹೊಲಿಗೆ ಬೇಕಾಗಬಹುದಾದ ಗಾಯಕ್ಕೆ ಯಾವ ಪುಡಿಯೂ ಬೇಡ. ಅರಿಷಿಣ, ಚಹಾಪುಡಿ, ಬೂದಿ, ತಂಬಾಕು ಎಲ್ಲವೂ ರಕ್ತದ ಜೊತೆ ಸೇರಿ ಅಂಟಿನಂತೆ ಹಿಡಿದುಕೊಳ್ಳುತ್ತವೆ. ಹೊಲಿಯುವ ಮೊದಲು ಅದನ್ನೆಲ್ಲ ತಿಕ್ಕಿ ತೆಗೆಯಬೇಕು, ಆ ತಿಕ್ಕುವ ನೋವು ಹೊಲಿಗೆಗಿಂತ ಜಾಸ್ತಿ. ಪೂರ್ತಿ ಹೋಗದೆ ಒಳಗೆ ಉಳಿದದ್ದು ಕೀವಿಗೆ ದಾರಿ. ಸುಣ್ಣ ಚರ್ಮ ಸುಡುತ್ತದೆ. ಸಗಣಿ, ಮಣ್ಣು ಹಾಕಿದರೆ ಧನುರ್ವಾಯುವನ್ನು ಕೈಯಾರೆ ಮನೆಗೆ ಕರೆದಂತೆ.

ಹಾಗಾದರೆ ಏನು ಹಾಕೋದು? ನೀರು. ಕುಡಿಯೋಕೆ ಯೋಗ್ಯವಾದ ಯಾವ ನೀರಾದರೂ ಆಗುತ್ತದೆ. ನಲ್ಲಿ ಕೆಳಗೆ ಹಿಡಿದು ಐದು ನಿಮಿಷ ಹರಿಯಲು ಬಿಡಿ. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಗಾಯದೊಳಗೆ ಸುರಿಯಬೇಡಿ. ನೊರೆ ಬಂದರೆ ಕ್ರಿಮಿ ಸಾಯುತ್ತಿದೆ ಅಂತ ಖುಷಿ ಆಗುತ್ತದೆ, ಆದರೆ ಮಾಯಬೇಕಾದ ಒಳ್ಳೆಯ ಮಾಂಸವೂ ಸುಡುತ್ತದೆ.

ಎಷ್ಟು ಹೊತ್ತಿನೊಳಗೆ ಹೊಲಿಸಬೇಕು? ನಾಳೆ ಮುಂಜಾನೆ ಬಸ್ಸಿಗೆ ಬಂದರೆ ನಡೆಯುತ್ತಾ?

6ರಿಂದ 8 ಗಂಟೆಯೊಳಗೆ ಬಂದರೆ ಒಳ್ಳೆಯದು. ಮುಖ ಮತ್ತು ತಲೆಯಲ್ಲಿ ರಕ್ತದ ಓಡಾಟ ಚೆನ್ನಾಗಿರುವುದರಿಂದ ಅಲ್ಲಿ 24 ಗಂಟೆವರೆಗೂ ಹೊಲಿಯುತ್ತಾರೆ. ಹೊತ್ತು ಮೀರಿದ ಗಾಯದಲ್ಲಿ ಕ್ರಿಮಿ ಬೆಳೆದಿರುತ್ತವೆ, ಬಾಯಿ ಮುಚ್ಚಿ ಹೊಲಿದರೆ ಅವನ್ನು ಒಳಗೇ ಕೂಡಿ ಹಾಕಿದಂತೆ. ಆಗ ಡಾಕ್ಟರ್ ಗಾಯ ತೆರೆದೇ ಬಿಟ್ಟು, ದಿನಾ ಡ್ರೆಸ್ಸಿಂಗ್ ಮಾಡಿಸಿ, ಸ್ವಚ್ಛ ಇದ್ದರೆ ನಾಲ್ಕೈದು ದಿನದ ಮೇಲೆ ಹೊಲಿಯಬಹುದು. ಹಾಗಾಗಿ ತಡವಾಯಿತು ಅಂತ ಬರೋದನ್ನೇ ಬಿಡಬೇಡಿ.

ಇನ್ನೊಂದು ಮಾತು. ಸಾಮಾನ್ಯ ಗಾಯಕ್ಕೆ ಕಲಬುರಗಿಗೇ ಬರಬೇಕು, ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕು ಅನ್ನೋದು ತಪ್ಪು. ಆಳಂದ, ಅಫಜಲಪುರ, ಸೇಡಂ, ಚಿಂಚೋಳಿ, ಹುಮನಾಬಾದ್, ಸುರಪುರದಂಥ ತಾಲ್ಲೂಕು ಊರುಗಳಲ್ಲಿ ಸರ್ಕಾರಿ ದವಾಖಾನೆ ಇದೆ, ಹೊಲಿಗೆ ಅಲ್ಲೇ ಆಗುತ್ತದೆ. ನರ, ಎಲುಬು ಕಡಿದ ಅನುಮಾನ ಇದ್ದರೆ ಮಾತ್ರ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ದೊಡ್ಡ ಸರ್ಕಾರಿ ದವಾಖಾನೆಗಳಿಗೆ ಅವರೇ ಕಳಿಸುತ್ತಾರೆ.

ಗಾಯ ಚಿಕ್ಕದೇ, ಆದರೂ ಹೋಗಲೇಬೇಕು ಅನ್ನುವ ಜಾಗ ಯಾವುವು?

ಮುಖ, ಕಣ್ಣಿನ ರೆಪ್ಪೆ, ತುಟಿಯ ಅಂಚು, ಕುತ್ತಿಗೆ, ಗುಪ್ತಾಂಗ, ಮೊಣಕಾಲು-ಮೊಣಕೈಯಂಥ ಕೀಲಿನ ಮೇಲೆ. ತುಟಿಯ ಕೆಂಪು ಮುಗಿದು ಚರ್ಮ ಶುರುವಾಗುವ ಗೆರೆ ಇದೆಯಲ್ಲ, ಅಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಆದರೂ ಜೀವನಪೂರ್ತಿ ಎದ್ದು ಕಾಣುತ್ತದೆ. ಹುಬ್ಬಿಗೆ ಗಾಯ ಆದರೆ ಹುಬ್ಬು ಬೋಳಿಸಬೇಡಿ, ಮತ್ತೆ ಸರಿಯಾಗಿ ಬೆಳೆಯುತ್ತದೆ ಅನ್ನೋ ಭರವಸೆ ಇಲ್ಲ.

ಆದರೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಕೈಬೆರಳಿನ ಗಾಯಕ್ಕೆ. ನನ್ನ ಕಾಕಾ ತೊಗರಿ ಕೊಯ್ಯುವಾಗ ಕುಡಗೋಲು ಎಡಗೈ ಕಿರುಬೆರಳಿನ ಹಿಂಭಾಗಕ್ಕೆ ತಾಗಿತು. ಎರಡು ಸೆಂಟಿಮೀಟರ್ ಕೂಡ ಇರಲಿಲ್ಲ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷದಲ್ಲಿ ಮೂರು ಹೊಲಿಗೆ ಹಾಕಿ ಕಳಿಸಿದರು. "ಬೆರಳು ನೆಟ್ಟಗೆ ಮಾಡಿ ನೋಡೋಣ" ಅಂತ ಯಾರೂ ಕೇಳಲಿಲ್ಲ, ಕಾಕಾನೂ ಹೇಳಲಿಲ್ಲ, ನೋವಿಗೆ ಹಾಗಾಗಿದೆ ಅಂದುಕೊಂಡರು. ಮೇಲಿನ ಚರ್ಮ ಚೆಂದ ಕೂಡಿತು. ಒಳಗೆ ಬೆರಳನ್ನು ಎಳೆದು ನಿಲ್ಲಿಸುವ ಬಿಳಿ ಹುರಿ ಕಡಿದೇ ಇತ್ತು. ಗೊತ್ತಾಗುವ ಹೊತ್ತಿಗೆ ತಿಂಗಳು ದಾಟಿತ್ತು, ಕಡಿದ ತುದಿಗಳು ಹಿಂದೆ ಸರಿದು ಅಂಟಿಕೊಂಡಿದ್ದವು. ಇವತ್ತಿಗೂ ಕಾಕಾ ಕೈ ಮುಗಿದರೆ ಆ ಕಿರುಬೆರಳು ಮಾತ್ರ ಒಳಗೆ ಮಡಿಚಿಕೊಂಡೇ ಇರುತ್ತದೆ.

ಅದಕ್ಕೇ ಬೆರಳು ಕೊಯ್ದಾಗ ಒಂದೊಂದೇ ಗೆಣ್ಣು ಮಡಚಿ, ಬಿಡಿಸಿ ನೋಡಿ. ಕಣ್ಣು ಮುಚ್ಚಿಕೊಳ್ಳಲು ಹೇಳಿ, ಬೆರಳ ತುದಿಯ ಎರಡೂ ಮಗ್ಗುಲು ಹತ್ತಿಯಿಂದ ಮುಟ್ಟಿ, ಇನ್ನೊಂದು ಕೈಯಷ್ಟೇ ಗೊತ್ತಾಗುತ್ತಿದೆಯಾ ಕೇಳಿ. ಮರಗಟ್ಟಿದಂತೆ ಇದ್ದರೆ, ಬೆರಳು ಮಾತು ಕೇಳದಿದ್ದರೆ, ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ಇದನ್ನು ಮರಗಟ್ಟಿಸುವ ಸೂಜಿ ಕೊಡುವ ಮುಂಚೆಯೇ ನೋಡಬೇಕು. ಸೂಜಿ ಆದಮೇಲೆ ಎಲ್ಲ ಬೆರಳೂ ಮರಗಟ್ಟಿದ ಬೆರಳೇ.

ಮೇವು ಕತ್ತರಿಸುವ ಮಷೀನಿಗೆ ಸಿಕ್ಕಿ ಬೆರಳೇ ತುಂಡಾದರೆ?

ತುಂಡನ್ನು ನೀರಲ್ಲಿ ತೊಳೆದು, ಒದ್ದೆ ಸ್ವಚ್ಛ ಅರಿವೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಲ್ಲಿ ಇಡಿ. ನೇರವಾಗಿ ಐಸ್ ಮೇಲೆ ಇಟ್ಟರೆ ಮಾಂಸ ಸಾಯುತ್ತದೆ. ಜೊತೆಗೇ ತನ್ನಿ, ಆಗುತ್ತೋ ಇಲ್ಲವೋ ಅನ್ನೋದನ್ನು ಡಾಕ್ಟರ್ ನೋಡುತ್ತಾರೆ.

ಮಗು ಬಿದ್ದು ನಾಲಿಗೆ ಕಚ್ಚಿಕೊಂಡಿದೆ. ಬಾಯಿ ತುಂಬಾ ರಕ್ತ!

ಎಂಜಲು ಸೇರಿ ಸ್ವಲ್ಪವೇ ರಕ್ತ ಬಾಯಿ ತುಂಬಾ ಕಾಣುತ್ತದೆ. ನಾಲಿಗೆ, ಕೆನ್ನೆಯ ಒಳಗಿನ ಚಿಕ್ಕ ಗಾಯಗಳು ಬಹುತೇಕ ತಾವೇ ಬೇಗ ಮಾಯುತ್ತವೆ. ಕುಲ್ಫಿ ತಿನ್ನಿಸಿ, ಅಳುವೂ ನಿಲ್ಲುತ್ತದೆ, ರಕ್ತವೂ ನಿಲ್ಲುತ್ತದೆ. ನಾಲಿಗೆಯ ಅಂಚು ಸೀಳಿ ಎರಡು ಭಾಗ ಆದಂತಿದ್ದರೆ, ಹಲ್ಲು ತುಟಿಯನ್ನು ಒಳಗಿನಿಂದ ಹೊರಗೆ ತೂತು ಮಾಡಿದ್ದರೆ, ರಕ್ತ ನಿಲ್ಲದಿದ್ದರೆ ಕರೆತನ್ನಿ. ಬಾಯೊಳಗೆ ಹಾಕುವ ದಾರ ತಾನೇ ಕರಗುತ್ತದೆ.

ತಲೆಗೆ ಏಟು ಬಿದ್ದು ಮುಖವೆಲ್ಲ ರಕ್ತವಾಗಿದೆ. ಹೊಲಿಗೆ ಎಷ್ಟು ಬೀಳಬಹುದು?

ತಲೆಯ ಚರ್ಮದಲ್ಲಿ ರಕ್ತನಾಳ ಜಾಸ್ತಿ. ಒಂದಿಂಚಿನ ಗಾಯಕ್ಕೂ ಅಂಗಿಯೆಲ್ಲ ತೊಯ್ಯುತ್ತದೆ, ಆದರೆ ಒತ್ತಿದರೆ ನಿಲ್ಲುತ್ತದೆ. ಹೊಲಿಗೆ ಅಥವಾ ಸ್ಟೇಪ್ಲರ್ ಪಿನ್ನು ಹಾಕುತ್ತಾರೆ, ಅದು ಐದು ನಿಮಿಷದ ಕೆಲಸ. ಹೊಲಿಗೆ ಲೆಕ್ಕ ಬಿಡಿ. ವಾಂತಿ, ಜಾಸ್ತಿ ನಿದ್ದೆ, ಎಚ್ಚರ ತಪ್ಪಿದ್ದು, ಹೇಳಿದ್ದನ್ನೇ ಹೇಳುತ್ತಿರುವುದು, ಮೂಗು-ಕಿವಿಯಲ್ಲಿ ನೀರೋ ರಕ್ತವೋ, ಇವನ್ನು ನೋಡಿ. ಒಂದಿದ್ದರೂ ಸ್ಕ್ಯಾನ್ ಇರುವ ದವಾಖಾನೆಗೆ ಹೋಗಿ.

ಮೊಳೆ, ಜಾಲಿ ಮುಳ್ಳು, ತೊಗರಿ ಕೂಳೆ ಚುಚ್ಚಿದ್ದಕ್ಕೆ ಹೊಲಿಗೆ ಹಾಕಲ್ಲ ಅಂದರು. ಯಾಕೆ?

ಸರಿಯಾಗೇ ಹೇಳಿದ್ದಾರೆ. ಚುಚ್ಚಿದ ಗಾಯದ ಬಾಯಿ ಚಿಕ್ಕದು, ಆಳ ಜಾಸ್ತಿ. ಮೇಲೆ ಮುಚ್ಚಿದರೆ ಕೊಳೆ ಒಳಗೇ ಉಳಿಯುತ್ತದೆ. ಬಿದ್ರಿ ಕೆಲಸದಲ್ಲಿ ಉಳಿ ಜಾರಿ ಅಂಗೈಗೆ ಚುಚ್ಚಿದರೂ ಇದೇ ಲೆಕ್ಕ. ಆದರೆ ಹೊಲಿಗೆ ಬೇಡ ಅಂದ ಮಾತ್ರಕ್ಕೆ ದವಾಖಾನೆ ಬೇಡ ಅಂತಲ್ಲ. ಮುಳ್ಳಿನ ತುದಿ ಒಳಗೆ ಮುರಿದಿದ್ದರೆ ತೆಗೆಸಬೇಕು, ಧನುರ್ವಾಯು ಸೂಜಿ ನೋಡಬೇಕು. ಚಪ್ಪಲಿ ತೂರಿ ಪಾದಕ್ಕೆ ಆಳವಾಗಿ ಮೊಳೆ ಹೊಕ್ಕಿದ್ದರೆ ಅಂತೂ ತಪ್ಪದೆ ತೋರಿಸಿ.

ನಾಯಿ ಕಚ್ಚಿ ಮಾಂಸ ಕಿತ್ತಿದೆ. ಇಷ್ಟು ದೊಡ್ಡ ಗಾಯಕ್ಕೂ ಹೊಲಿಗೆ ಹಾಕ್ತಿಲ್ಲ, ಬರೀ ಸೂಜಿ ಅಂತಾರೆ!

ಈ ವಿಷಯಕ್ಕೆ ನಮ್ಮಲ್ಲಿ ಜಗಳವೇ ಆಗುತ್ತಿತ್ತು. ಹೊಲಿಯುವ ಸೂಜಿ ಚುಚ್ಚಿದಷ್ಟೂ ರೇಬೀಸ್ ವೈರಸ್ಸನ್ನು ಒಳಗೊಳಗೆ ತಳ್ಳಿದಂತೆ. ಅದಕ್ಕೇ ನಾಯಿ ಕಡಿತಕ್ಕೆ ಆದಷ್ಟು ಹೊಲಿಯುವುದಿಲ್ಲ. ಮುಖಕ್ಕೋ, ರಕ್ತ ನಿಲ್ಲದ ಜಾಗಕ್ಕೋ ಹಾಕಲೇಬೇಕಾದರೆ ಮೊದಲು ಗಾಯದೊಳಗೆ ಮತ್ತು ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ಅಲ್ಲೇ ತಡೆಯುವ ಸೂಜಿಮದ್ದು) ಕೊಟ್ಟು, ಆಮೇಲೆ ಸಡಿಲವಾಗಿ ಹಾಕುತ್ತಾರೆ. ನೀವು ಮನೆಯಲ್ಲಿ ಮಾಡಬೇಕಾದದ್ದು ಒಂದೇ: ಸೋಪು ಹಚ್ಚಿ ಹರಿಯುವ ನೀರಲ್ಲಿ ಪೂರ್ತಿ 15 ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ, ನಾಟಿ ಔಷಧ ಯಾವುದೂ ಬೇಡ. ಸರ್ಕಾರಿ ದವಾಖಾನೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯ ಲೆಕ್ಕ ಹೀಗಿದೆ: ಮೊದಲ ದಿನವನ್ನು ಸೊನ್ನೆ ಅಂತ ಹಿಡಿದು ಆಮೇಲೆ 3, 7, 28ನೇ ದಿನ. ಎರಡೇ ಸೂಜಿ ಹಾಕಿಸಿಕೊಂಡು, ನಾಯಿ ಚೆನ್ನಾಗೇ ಇದೆಯಲ್ಲ ಅಂತ ಸುಮ್ನೆ ಕೂತವರು ತುಂಬಾ ಜನ. ರೇಬೀಸ್ ಕಾಣಿಸಿಕೊಂಡರೆ ಉಳಿಸುವ ಔಷಧ ಇಲ್ಲ.

ಮನುಷ್ಯರ ಹಲ್ಲೂ ಕಡಿಮೆಯಲ್ಲ. ಜಗಳದಲ್ಲಿ ಎದುರಿನವನ ಬಾಯಿಗೆ ಗುದ್ದಿ, ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಸೀಳಿಕೊಂಡು ಬಂದು "ಸಿಸ್ಟರ್, ಬಾಗಿಲಿಗೆ ತಾಗಿತು" ಅನ್ನುತ್ತಾರೆ. ಬಾಗಿಲಿಗೆ ಹಲ್ಲು ಇರಲ್ಲ ಅಲ್ವಾ? ಆ ಗಾಯದ ಕ್ರಿಮಿ ಕೀಲಿನೊಳಗೇ ಹೋಗಿರುತ್ತದೆ, ಹೊಲಿದರೆ ಕೈಯೇ ಊದಿಕೊಳ್ಳುತ್ತದೆ. ನಿಜ ಹೇಳಿ, ನಾವು ನಿಮ್ಮ ಮನೆಯವರಿಗೆ ಹೇಳಲ್ಲ.

ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿಕೆ. ಮೊದಲು ಠಾಣೆಗೆ ಹೋಗಬೇಕಾ?

ಬೇಡ. ಮೊದಲು ದವಾಖಾನೆ. ಅಪಘಾತ, ಹೊಡೆದಾಟದ ಗಾಯವನ್ನು ಡಾಕ್ಟರ್ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಅಂತ ಬರೆದು ಠಾಣೆಗೆ ತಿಳಿಸುತ್ತಾರೆ, ಅದು ಅವರ ಕೆಲಸ. ಕಾಗದ ಆಮೇಲೆ, ಜೀವ ಮೊದಲು ಅಂತ 1989ರಲ್ಲೇ ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ.

ಟಿಟಿ (ಧನುರ್ವಾಯು ಸೂಜಿ) ಆರು ತಿಂಗಳಿಗೊಮ್ಮೆ ಬೇಕಲ್ವಾ?

ಇಲ್ಲ. ತುಕ್ಕು ಕಬ್ಬಿಣ ತಾಗಿದರೆ ಮಾತ್ರ ಅನ್ನೋದೂ ಸುಳ್ಳು. ಧನುರ್ವಾಯುವಿನ ಕ್ರಿಮಿ ಇರೋದು ಮಣ್ಣು, ಸಗಣಿ, ಧೂಳಿನಲ್ಲಿ. ಚಿಕ್ಕವರಿದ್ದಾಗಿನ ಲಸಿಕೆ ಪೂರ್ತಿ ಆಗಿದ್ದರೆ, ಸ್ವಚ್ಛ ಸಣ್ಣ ಗಾಯಕ್ಕೆ ಕೊನೆಯ ಸೂಜಿಯಾಗಿ 10 ವರ್ಷ ದಾಟಿದ್ದರೆ ಮಾತ್ರ ಬೇಕು. ಹೊಲದಲ್ಲಿ, ರಸ್ತೆಯಲ್ಲಿ ಆದ ಕೊಳಕು ಗಾಯಕ್ಕೆ 5 ವರ್ಷ ದಾಟಿದ್ದರೆ ಬೇಕು. ಈಗ ಕೊಡುವುದು ಟಿಡಿ, ಅದರಲ್ಲಿ ಗಂಟಲಮಾರಿಯ ಲಸಿಕೆಯೂ ಸೇರಿದೆ. ಯಾವಾಗ ಹಾಕಿಸಿದ್ದೋ ನೆನಪೇ ಇಲ್ಲ ಅಂದರೆ ಹಾಕಿಸಿಕೊಳ್ಳಿ, ಮತ್ತು ಈ ಸಲ ತಾರೀಖು ಫೋನಿನಲ್ಲಿ ಬರೆದಿಡಿ.

ಫೆವಿಕ್ವಿಕ್ ಹಚ್ಚಿ ಅಂಟಿಸಿದರೆ? ದವಾಖಾನೆಯಲ್ಲೂ ಗಮ್ಮೇ ಹಚ್ಚುತ್ತಾರಂತೆ.

ಗ್ಯಾರೇಜಿನ ಹುಡುಗರ ಪ್ರಶ್ನೆ ಇದು. ದವಾಖಾನೆಯ ಗಮ್ಮು ಅದೇ ಜಾತಿಯದ್ದು ಅನ್ನೋದು ನಿಜ, ಆದರೆ ಅದನ್ನು ಮೈಗೆ ತಡೆಯುವಂತೆ ಬೇರೆ ಮಾಡಿರುತ್ತಾರೆ, ಕ್ರಿಮಿ ಇಲ್ಲದಂತೆಯೂ ಮಾಡಿರುತ್ತಾರೆ. ಅಂಗಡಿಯದ್ದು ಗಟ್ಟಿಯಾಗುವಾಗ ಬಿಸಿಯಾಗಿ ಮಾಂಸ ಸುಡುತ್ತದೆ. ದವಾಖಾನೆಯ ಗಮ್ಮನ್ನೂ ಅಂಚು ಸುಲಭವಾಗಿ ಕೂಡುವ, ಒಣಗಿದ ಚಿಕ್ಕ ಗಾಯಕ್ಕಷ್ಟೇ ಹಚ್ಚುತ್ತಾರೆ. ಕೀಲಿನ ಮೇಲೆ, ಕಡಿತಕ್ಕೆ ಹಚ್ಚುವುದಿಲ್ಲ.

ಹೊಲಿಯುವಾಗ ತುಂಬಾ ನೋವಾಗುತ್ತಾ?

ಮರಗಟ್ಟಿಸುವ ಸೂಜಿ ಉರಿಯುತ್ತದೆ, ಅರ್ಧ ನಿಮಿಷ. ಆಮೇಲೆ ಎಳೆದದ್ದು ಮಾತ್ರ ಗೊತ್ತಾಗುತ್ತದೆ. ಮಕ್ಕಳಿಗೆ "ನೋವೇ ಆಗಲ್ಲ" ಅಂತ ಸುಳ್ಳು ಹೇಳಬೇಡಿ, ಮುಂದಿನ ಸಲ ನಂಬಲ್ಲ.

ಬದನೆಕಾಯಿ, ಮೊಟ್ಟೆ, ಮೊಸರು ತಿಂದರೆ ನಂಜಾಗಿ ಕೀವು ತುಂಬುತ್ತದಂತೆ. ಏನು ತಿನ್ನಿಸಲಿ?

ಈ ಪಥ್ಯದ ದೆಸೆಯಿಂದ ಬರೀ ಗಂಜಿ ಕುಡಿದು ಸೊರಗಿ ಬಂದವರನ್ನು ನೋಡಿದ್ದೇನೆ. ಕೀವು ಆಗುವುದು ಕ್ರಿಮಿಯಿಂದ, ಬದನೆಕಾಯಿಯಿಂದ ಅಲ್ಲ. ಯಾವುದಾದರೂ ತಿಂದರೆ ನಿಮಗೆ ಮೊದಲಿಂದಲೂ ತುರಿಕೆ ಬರುತ್ತಿದ್ದರೆ ಅದೊಂದು ಬಿಡಿ. ಉಳಿದಂತೆ ಗಾಯ ಮಾಯಲು ಮೈಗೆ ಪ್ರೋಟೀನ್ ಬೇಕು. ತೊಗರಿ ಕಣಜ ಅನ್ನಿಸಿಕೊಂಡ ಊರಿನಲ್ಲಿ ಇದ್ದುಕೊಂಡು ಬೇಳೆ ಬಿಡೋದಾ? ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಟ್ಟೆ, ಮೊಸರು, ನಿಂಬೆಹಣ್ಣು, ಎಲ್ಲ ತಿನ್ನಿ. ಬಿಡಬೇಕಾದದ್ದು ಬೀಡಿ, ಸಿಗರೇಟು, ಗುಟ್ಕಾ. ಇವುಗಳಿಂದ ಗಾಯ ಮಾಯೋದು ನಿಧಾನ ಆಗುತ್ತದೆ. ಅದನ್ನು ಹೇಳಿದರೆ ಮಾತ್ರ ಯಾರಿಗೂ ಕಿವಿ ಕೇಳಿಸಲ್ಲ.

ಶುಗರ್ ಇದ್ದವರಿಗೆ ಹೊಲಿಗೆ ಹಾಕಬಹುದಾ?

ಹಾಕಬಹುದು. ಮಾಯೋದು ನಿಧಾನ, ಕೀವಿನ ಸಾಧ್ಯತೆ ಜಾಸ್ತಿ, ಅಷ್ಟೇ. ಶುಗರ್ ಹಿಡಿತದಲ್ಲಿಡಿ. ಕಾಲಿನ ಗಾಯ ಎಷ್ಟೇ ಚಿಕ್ಕದಿದ್ದರೂ ತೋರಿಸಿ, ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ನೋವೇ ಗೊತ್ತಾಗಲ್ಲ. ಹೃದಯಕ್ಕೆ ಅಂತ ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಆದರೆ ಗುಳಿಗೆ ನೀವೇ ನಿಲ್ಲಿಸಬೇಡಿ.

ಈ ಬಿಸಿಲಲ್ಲಿ ಪಟ್ಟಿಯೊಳಗೆ ಬೆವರು. ಬಿಚ್ಚಿಡಲಾ? ಸ್ನಾನ ಮಾಡಲಾ?

ಮೊದಲ 24 ಗಂಟೆ, ಸಾಧ್ಯವಾದರೆ 48 ಗಂಟೆ, ಒದ್ದೆ ಮಾಡಬೇಡಿ. ಆಮೇಲೆ ಮೇಲಿನಿಂದ ನೀರು ಹರಿದರೆ ತೊಂದರೆ ಇಲ್ಲ, ತಿಕ್ಕದೆ ಒತ್ತಿ ಒರೆಸಿ. ಬಾವಿ, ಕಾಲುವೆಯಲ್ಲಿ ಈಜು ಮಾತ್ರ ಹೊಲಿಗೆ ಬಿಚ್ಚುವವರೆಗೂ ಬೇಡ. ನಮ್ಮ ಏಪ್ರಿಲ್, ಮೇ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಬೆವರಿಗೆ ತೊಯ್ದ ಪಟ್ಟಿಯನ್ನು ಮೂರು ದಿನ ಹಾಗೇ ಬಿಡುವುದಕ್ಕಿಂತ ದಿನಾ ಬದಲಿಸುವುದು ಒಳ್ಳೆಯದು. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬೆಂದ ಹಾಗೆ ಆಗುತ್ತದೆ.

ಮೊದಲೆರಡು ದಿನ ಸ್ವಲ್ಪ ಬಾವು, ನೋವು ಇದ್ದದ್ದೇ. ಎರಡು-ಮೂರು ದಿನದ ಮೇಲೆ ನೋವು ಕಡಿಮೆಯಾಗುವ ಬದಲು ಏರಿದರೆ, ಸುತ್ತಲಿನ ಕೆಂಪು ಹರಡಿದರೆ, ಕೀವು ಬಂದರೆ, ಜ್ವರ ಬಂದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಎದ್ದರೆ ಅವತ್ತೇ ಬನ್ನಿ.

ಹೊಲಿಗೆ ಯಾವಾಗ ಬಿಚ್ಚಿಸೋದು? ಬ್ಲೇಡಿನಿಂದ ನಾನೇ ಬಿಚ್ಚಿಕೊಳ್ಳಲಾ?

ಮುಖದ್ದು 3ರಿಂದ 5 ದಿನ, ಜಾಸ್ತಿ ಬಿಟ್ಟರೆ ದಾರದ ಗುರುತು ಏಣಿಯ ಹಾಗೆ ಉಳಿಯುತ್ತದೆ. ತಲೆ, ತೋಳು 7ರಿಂದ 10 ದಿನ. ಕಾಲು, ಅಂಗೈ, ಅಂಗಾಲು, ಕೀಲಿನ ಮೇಲಿನದ್ದು 10ರಿಂದ 14 ದಿನ.

ಬ್ಲೇಡಿನ ವಿಷಯ ಹೇಳುತ್ತೇನೆ ಕೇಳಿ. ಹೊರಗಿದ್ದ ದಾರ ಕೊಳೆಯಾಗಿರುತ್ತದೆ. ಗಂಟಿನ ಒಂದು ಕಡೆ, ಚರ್ಮಕ್ಕೆ ಹತ್ತಿರವೇ ಕತ್ತರಿಸಿ ಎಳೆಯಬೇಕು, ಇಲ್ಲವಾದರೆ ಆ ಕೊಳೆ ದಾರ ಗಾಯದೊಳಗೇ ಹಾದು ಬರುತ್ತದೆ. ಒಬ್ಬ ಯಜಮಾನರು ಬಸ್ ಚಾರ್ಜ್ ಉಳಿಸಲು ಮನೆಯಲ್ಲೇ ಗಡ್ಡದ ಬ್ಲೇಡಿನಿಂದ ಬಿಚ್ಚಿಕೊಂಡು, ಗಂಟು ಕತ್ತರಿಸಿ, ಅರ್ಧ ದಾರ ಒಳಗೇ ಬಿಟ್ಟು, ಹದಿನೈದು ದಿನದ ಮೇಲೆ ಕೀವು ಹಿಡಿದ ಮೊಣಕಾಲು ಎಳೆದುಕೊಂಡು ಬಂದರು, ಅದೂ ಆಟೋ ಮಾಡಿಕೊಂಡು. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬಿಚ್ಚುತ್ತಾರೆ. ಹಾಕಿದ ಚೀಟಿ ತೆಗೆದುಕೊಂಡು ಹೋಗಿ, ಎಷ್ಟು ಹೊಲಿಗೆ ಅಂತ ಅದರಲ್ಲಿ ಬರೆದಿರುತ್ತದೆ, ಬಿಚ್ಚಿದವರು ಅಷ್ಟನ್ನೂ ಎಣಿಸಿ ತೆಗೆಯಲಿ.